ಎಪ್ಪತ್ತು ಸುತ್ತು

ಆದಿಲಕ್ಷ್ಮಮ್ಮ ಎರಡೂ ಕೈ ಎತ್ತಿ ರಸ್ತೆಯ ನಡುವೆ ನಿಂತಳು. ಟಿಪ್ಪರ್ ಲಾರಿ ಇನ್ನೂ ಹುಣಸೆಮರದ ಹತ್ತಿರವಿತ್ತು. ಅಷ್ಟು ದೂರದಿಂದಲೇ ಅದರ ಬೆನ್ನ ಮೇಲೆ ಹೊಗೆಯಂತೆ ಏಳುತ್ತಿದ್ದ ಕಲ್ಲುಪುಡಿ ಕಾಣುತ್ತಿತ್ತು. ಡ್ರೈವರ್ ಹಾರನ್ ಹೊಡೆದ. ಅವಳು ಅಲುಗಲಿಲ್ಲ. ಇನ್ನೊಮ್ಮೆ ಹೊಡೆದ, ಈ ಸಲ ಉದ್ದಕ್ಕೆ. ಕೊನೆಗೆ ಹತ್ತು ಮಾರು ಆಚೆ ಬ್ರೇಕು ಚೀರಿ ಗಾಡಿ ನಿಂತಿತು. ಹಿಂದೆ ಬರುತ್ತಿದ್ದ ಧೂಳು ಮಾತ್ರ ನಿಲ್ಲದೆ ಗಾಡಿಯನ್ನು ದಾಟಿ ಬಂದು ಅವಳ ಮುಖಕ್ಕೆ ಬಡಿಯಿತು.

"ಏನಕ್ಕ, ಬೆಳಿಗ್ಗೆ ಬೆಳಿಗ್ಗೆ ನನ್ ಗಾಡೀನೇ ಬೇಕಾಗಿತ್ತಾ ನಿಮ್ಗೆ?" ಕಿಟಕಿಯಿಂದ ತಲೆ ಹೊರಹಾಕಿದ ಡ್ರೈವರ್ ಇನ್ನೂ ಇಪ್ಪತ್ತೈದರ ಆಸುಪಾಸಿನವನು.

"ಮೇಲೆ ಟಾರ್ಪಾಲ್ ಐತಲ್ಲಪ್ಪ, ಬಟನ್ ಒತ್ತಿದ್ರೆ ತಾನಾಗೇ ಮುಚ್ಕೊಳ್ಳೋದು. ಅದನ್ನ ಒಸಿ ಒತ್ತು. ನನ್ನ ತೋಟ ದಾಟೋ ತನಕ ಸಾಕು."

"ಲೋಡು ಗೋಪುರದಂಗೆ ತುಂಬವ್ರೆ ಕಣಕ್ಕ. ಮುಚ್ಚೋಕೋದ್ರೆ ಟಾರ್ಪಾಲ್ ಹರಿದೋಗ್ತದೆ. ಆಮೇಲೆ ನಮ್ ಓನರ್ ನನ್ ಚರ್ಮ ಸುಲಿದು ಅದಕ್ಕೆ ತೇಪೆ ಹಾಕ್ತಾನೆ."

ಅವಳು ಎಡಕ್ಕೆ ಕೈ ತೋರಿಸಿದಳು. ರಸ್ತೆಯ ಪಕ್ಕದಲ್ಲೇ ಹಿಪ್ಪುನೇರಳೆ ತೋಟ. ಎದೆಯೆತ್ತರ ಬೆಳೆದ ಗಿಡಗಳೆಲ್ಲ ಸ್ನಾನ ಮಾಡಿಸಿದ ಮಕ್ಕಳ ಹಾಗೆ ನೀರಿಳಿಸುತ್ತ ನಿಂತಿದ್ದವು. ಅವನು ತೋಟ ನೋಡಿದ, ಮಂಡಿಯವರೆಗೆ ಒದ್ದೆಯಾಗಿದ್ದ ಅವಳ ಸೀರೆ ನೋಡಿದ.

"ಹುಳಕ್ಕೆ ಎಷ್ಟನೇ ಜ್ವರ?"

"ನಾಲ್ಕನೇದು. ಎದ್ದು ಮೂರು ದಿನ ಆಯ್ತು."

"ನಮ್ಮಮ್ಮನೂ ಸಾಕ್ತಿದ್ಲು," ಎಂದು ಅವನು ತಲೆ ಒಳಗೆಳೆದುಕೊಂಡ. ಕ್ಯಾಬಿನ್ನಿನ ಹಿಂದೆ ಏನೋ ಗೊರಗೊರ ಎಂದಿತು. ಸುರುಳಿ ಸುತ್ತಿಕೊಂಡಿದ್ದ ನೀಲಿ ಟಾರ್ಪಾಲು ಎರಡು ಕಬ್ಬಿಣದ ತೋಳುಗಳ ನಡುವೆ ಬಿಚ್ಚಿಕೊಳ್ಳುತ್ತ ಹಿಂದಕ್ಕೆ ಸರಿಯಿತು. ಮರಳಿನ ಗುಡ್ಡದ ನೆತ್ತಿಯಲ್ಲಿ ಒಂದು ಗಳಿಗೆ ತಡವರಿಸಿ, ಆಮೇಲೆ ಉಜ್ಜಿಕೊಂಡೇ ಆಚೆಗಿಳಿಯಿತು. "ನಿಮ್ ತೋಟ ದಾಟಿದ್ಮೇಲೆ ಬಿಚ್ಕೊಳ್ಳಲಾ?"

"ಬಿಚ್ಕೊಳಪ್ಪ. ನಿನ್ ಹೊಟ್ಟೆ ತಣ್ಣಗಿರಲಿ."

ಲಾರಿ ನಿಧಾನಕ್ಕೆ ಹೋಯಿತು. ಆ ಒಂದು ಲಾರಿಯಿಂದ ತೋಟದ ಮೇಲೆ ಏನೂ ಬೀಳಲಿಲ್ಲ. ಅರ್ಧ ನಿಮಿಷದ ಕೆಲಸ ಅದು. ಬರೀ ಅರ್ಧ ನಿಮಿಷ.

ರೇಷ್ಮೆಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಉಣ್ಣದೆ, ಅಲುಗದೆ, ಹಳೆಯ ಚರ್ಮ ಬಿಟ್ಟು ಎದ್ದಾಗಲೆಲ್ಲ ಮೊದಲಿಗಿಂತ ಹೆಚ್ಚು ಹಸಿದಿರುತ್ತದೆ. ನಾಲ್ಕನೆಯದು ಕಳೆದು ಎದ್ದ ಮೇಲೆ ಬರುವ ಈ ಏಳು ದಿನದ ಹಸಿವಿನ ಮುಂದೆ ಅದುವರೆಗೆ ತಿಂದದ್ದು ಲೆಕ್ಕಕ್ಕೇ ಇಲ್ಲ. ನೂರೈವತ್ತು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳು ಆದಿಲಕ್ಷ್ಮಮ್ಮನ ಹುಳುಮನೆಯ ಸ್ಟ್ಯಾಂಡುಗಳ ಮೇಲೆ ಬೆರಳುದ್ದ ಬೆಳೆದು ಮಲಗಿದ್ದವು. ತೋಟದ ಒಳಗಿನ ಸಾಲುಗಳ ಸೊಪ್ಪು ನಿನ್ನೆ ಸಂಜೆಗೆ ಮುಗಿದಿತ್ತು. ಉಳಿದದ್ದು ರಸ್ತೆ ಪಕ್ಕದ ಇಪ್ಪತ್ತು ಗುಂಟೆ. ಅದರ ಎಲೆಯ ಮೇಲೆ ಬೆರಳಿಟ್ಟು ಎಳೆದರೆ ಹಸಿರು ಗೆರೆ ಮೂಡುವಷ್ಟು ಬೂದಿ ಬಣ್ಣದ ಪುಡಿ. ಸಾಸಲು ಕಡೆಯ ಗುಡ್ಡದಲ್ಲಿ ಕಲ್ಲು ಅರೆದು ಮರಳು ಮಾಡುವ ಕ್ರಷರ್ ಶುರುವಾದಾಗಿನಿಂದ ಈ ರಸ್ತೆಗೆ ಟಿಪ್ಪರ್‌ಗಳು ಬಂದಿದ್ದವು. ಆಮೇಲೆ ಟಿಪ್ಪರ್‌ಗಳ ಮೇಲೆ ಮೋಟಾರಿನ ಟಾರ್ಪಾಲ್ ಬಂತು. ಅದು ಬಂದ ದಿನ, ಸದ್ಯ ಇನ್ನು ತೋಟ ಬದುಕಿತು ಎಂದು ಆದಿಲಕ್ಷ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು.

ಹೋದ ಬೆಳೆಯಲ್ಲಿ ಅವಳೇ ಒಂದು ತಪ್ಪು ಮಾಡಿದ್ದಳು. ಧೂಳಿನ ಸೊಪ್ಪನ್ನು ಕುಯ್ದು ತಂದು ತೊಟ್ಟಿಯಲ್ಲಿ ಅದ್ದಿ ತೊಳೆದಿದ್ದಳು. ಒದ್ದೆ ಸೊಪ್ಪು ಹುಳಕ್ಕಾಗದು ಎನ್ನುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಹಳೇ ಸೀರೆಗಳ ಮೇಲೆ ಹರಡಿ ಒರೆಸಿದಳು, ಫ್ಯಾನ್ ಹಾಕಿದಳು. ಹುಳುಗಳು ಹಸಿದು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ನೋಡಲಾರದೆ, ಪೂರಾ ಆರಿದೆ ಎಂದು ತನಗೆ ತಾನೇ ಹೇಳಿಕೊಂಡು ಹಾಕಿಬಿಟ್ಟಳು. ಮೂರನೇ ದಿನಕ್ಕೆ ಹುಳುಗಳು ಸಪ್ಪೆ ರೋಗ ಬಂದು ಹಿಂಡಿದ ಬಟ್ಟೆಯ ಹಾಗೆ ಕಡ್ಡಿಗಳಿಂದ ಜೋತುಬಿದ್ದವು. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ದು ಗಂಡ ಬೈರಪ್ಪ. ಧೂಳಿನಿಂದ ಹೋದವು ಎಂದೇ ಅವನು ಊರಿಗೆಲ್ಲ ಹೇಳಿಕೊಂಡ. ಅವಳು ತಿದ್ದಲಿಲ್ಲ. ಆದರೆ ಆ ಒದ್ದೆ ಅವಳ ಬೆರಳ ತುದಿಯಲ್ಲಿ ಹಾಗೇ ಉಳಿದಿತ್ತು.

"ಇದೊಂದು ಬೆಳೆ ನೋಡಾನ," ಎಂದಿದ್ದ ಬೈರಪ್ಪ ಈ ಸಲ ಹುಳು ತರುವ ಮುಂಚೆ. "ಗೂಡು ಕಟ್ಟಿದ್ರೆ ತೋಟ ಇರ್ಲಿ. ಇಲ್ದಿದ್ರೆ ಜೆಸಿಬಿ ಕರೆಸಿ ಕಿತ್ತಾಕಿಸ್ತೀನಿ. ಕ್ರಷರ್‌ನೋರು ಲಾರಿ ನಿಲ್ಸೋಕೆ ಜಾಗ ಕೇಳ್ತವ್ರೆ. ಇನ್ನು ನನ್ ಕೈಲಾಗಲ್ಲ ಆದಿ."

ಸಿಟ್ಟಿನಲ್ಲಿ ಹೇಳಿದ್ದರೆ ಅವಳು ಜಗಳ ಆಡುತ್ತಿದ್ದಳು. ಅವನು ದಣಿದು ಹೇಳಿದ್ದ. ಮಗಳು ಅನಿತ ಹೊಟ್ಟೆಯಲ್ಲಿದ್ದ ವರ್ಷ ಇಬ್ಬರೂ ಸೇರಿ ಒಂದೊಂದೇ ಕಡ್ಡಿ ನೆಟ್ಟ ತೋಟ ಅದು. ಅನಿತ ಈಗ ದಿನಾ ದೊಡ್ಡಬಳ್ಳಾಪುರಕ್ಕೆ ಹೋಗಿಬಂದು ಪಿಯುಸಿ ಓದುತ್ತಿದ್ದಳು. ಗಿಡಗಳ ಬುಡ ಮನುಷ್ಯರ ಮೊಣಕೈನಷ್ಟು ದಪ್ಪವಾಗಿದ್ದವು.

ಈ ಸಲ ಅವಳು ಬೇರೆ ಯೋಚನೆ ಮಾಡಿದ್ದಳು. ಕುಯ್ದ ಸೊಪ್ಪನ್ನು ತೊಳೆಯಬಾರದು, ಗಿಡದಲ್ಲಿದ್ದ ಹಾಗೇ ತೊಳೆಯಬೇಕು. ನಾಲ್ಕು ಗಂಟೆಗೆ ಕರೆಂಟು ಬಂದ ಕೂಡಲೇ ಮೋಟಾರು ಹಾಕಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಸಾಲು ಸಾಲಿಗೂ ನೀರು ಹೊಡೆದಿದ್ದಳು. ಇನ್ನು ಬಿಸಿಲು ಬಂದು, ಗಾಳಿಯಾಡಿ, ಎಂಟೂವರೆಗೆಲ್ಲ ಎಲೆ ಆರಬೇಕು. ಆರುವ ತನಕ ಒಂದು ಹಿಡಿ ಧೂಳೂ ಬೀಳಬಾರದು. ಒಣ ಎಲೆಯ ಮೇಲೆ ಬಿದ್ದದ್ದನ್ನಾದರೂ ಕೊಡವಬಹುದು. ಒದ್ದೆ ಎಲೆಯ ಮೇಲೆ ಬಿದ್ದರೆ ಅದು ಗಂಧದ ಹಾಗೆ ಅಂಟಿಕೊಳ್ಳುತ್ತದೆ. ಲಾರಿಗಳು ಶುರುವಾಗುವುದು ಆರಕ್ಕೆ. ಅಂದರೆ ಎರಡೂವರೆ ಗಂಟೆ. ಹಾಗೆ ನಾಲ್ಕು ಬೆಳಿಗ್ಗೆ.

ಎರಡನೇ ಲಾರಿ ನಿಲ್ಲಲಿಲ್ಲ. ಕೈ ಎತ್ತಿದವಳನ್ನು ಬಳಸಿ, ರಸ್ತೆಯ ಅಂಚಿಗೆ ಚಕ್ರ ಇಳಿಸಿ, ತೋಟದ ಬೇಲಿಗೆ ಒರಗುವಷ್ಟು ಹತ್ತಿರದಿಂದಲೇ ನುಗ್ಗಿತು. "ಸಾಯೋಕೆ ಬೇರೆ ಗಾಡಿ ನೋಡ್ಕೊಳಮ್ಮ," ಎಂಬ ಮಾತು ಧೂಳಿನ ಒಳಗಿಂದ ಬಂತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತೋಟಕ್ಕೆ ಓಡಿದಳು. ಅಂಚಿನ ಸಾಲು ಹೋಗಿತ್ತು. ಎಲೆ ಮುಟ್ಟಿದರೆ ಕೈಗೆ ಕೆಸರು. ಎರಡನೇ ಸಾಲಿನಲ್ಲಿ ಚುಕ್ಕೆ ಚುಕ್ಕೆ. ಮೂರನೆಯದು ಪರವಾಗಿಲ್ಲ. ಒಂದು ಲಾರಿಗೆ ಎರಡು ಸಾಲು ಎಂದರೆ, ಎಂಟೂವರೆ ಆಗುವಷ್ಟರಲ್ಲಿ ಎಷ್ಟು ಲಾರಿ ಎಂದು ಎಣಿಸಲು ಹೋಗಿ ಬಿಟ್ಟುಬಿಟ್ಟಳು.

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಹೊಡೆದುಕೊಂಡಿತು. ಅನಿತ.

"ಅಮ್ಮ, ಏಳು ಗಂಟೆ ಆಯ್ತು. ರಾತ್ರಿ ಹಾಕಿದ್ದೆಲ್ಲ ಬರೀ ಕಡ್ಡಿ ಉಳ್ಕೊಂಡೈತೆ. ತಲೆ ಎತ್ಕೊಂಡವೆ."

"ಎಲ್ಲಾವೂನಾ?"

"ಬಾಗಿಲ ಕಡೆ ಸ್ಟ್ಯಾಂಡಲ್ಲಿ ಎಲ್ಲಾವೂ. ಹಿಂದುಗಡೇವು ಒಂದೊಂದು. ಸೊಪ್ಪು ಯಾವಾಗಮ್ಮ?"

"ಬರ್ತೀನಿ ಕಣವ್ವ. ಒಂದೊಂದೂವರೆ ಗಂಟೆ."

"ಅಷ್ಟೊತ್ತು ತಡೀತವಾ?"

"ನೀನು ಕಾಲೇಜಿಗೆ ಹೋಗ್ಬೇಡ ಇವತ್ತು," ಎಂದು ಆದಿಲಕ್ಷ್ಮಮ್ಮ ಫೋನಿಟ್ಟಳು. ಹುಣಸೆಮರದ ಬಳಿ ಮೂರನೇ ಲಾರಿ ಕಂಡಿತು. ಅದರ ಹಣೆಯ ಮೇಲಿನ ಹಳದಿ ಅಕ್ಷರ ಅವಳಿಗೆ ಓದದೆಯೂ ಗೊತ್ತಿತ್ತು. ಮೈದುನ ಕೆಂಪರಾಜು ಓಡಿಸುವ ಗಾಡಿ.

ಮೂರು ದಿನದಿಂದ ಕೆಂಪರಾಜು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕೂ ಮುಂಚೆ ಸಿಕ್ಕಿದಾಗ, "ನಾನು ಮುಚ್ಕೊಂಡೇ ಬರ್ತೀನಿ ಅತ್ತಿಗೆ, ನಮ್ಮ ತೋಟ ಅಲ್ವಾ?" ಎಂದಿದ್ದ. ಈಗ ಬರುತ್ತಿದ್ದ ಗಾಡಿಯ ಮೇಲೆ ಟಾರ್ಪಾಲು ಸುತ್ತಿದ ಹಾಗೇ ಇತ್ತು, ಮರಳು ಬಯಲಾಗಿತ್ತು. ಅವಳು ಕೈ ಎತ್ತಲಿಲ್ಲ. ಸುಮ್ಮನೆ ನಡುರಸ್ತೆಯಲ್ಲಿ ನಿಂತಳು. ಲಾರಿ ನಿಂತ ಮೇಲೆ ಹತ್ತಿರ ಹೋಗಿ ಮುಂದಿನ ಕಬ್ಬಿಣದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಕೆಂಪರಾಜು ಇಳಿದು ಬಂದ. ಮೂವತ್ತೈದರ ಮನುಷ್ಯ. ಅವಳು ಮದುವೆಯಾಗಿ ಬಂದಾಗ ಇನ್ನೂ ಸ್ಕೂಲಿನ ಚೀಲ ಹಿಡಿದಿದ್ದವನು.

"ಬಟನ್ ಒತ್ತು ಕೆಂಪರಾಜ."

"ಅತ್ತಿಗೆ..."

"ಒತ್ತು ಅಂದೆ."

"ಒತ್ತಿದ್ರೆ ಏನಾಗಲ್ಲ." ಅವನು ನೆಲ ನೋಡಿದ. "ಮೋಟಾರು ಸುಟ್ಟೋಗಿ ಮೂರು ದಿನ ಆಯ್ತು. ಓನರ್‌ಗೆ ಹೇಳಿದ್ರೆ ಮುಂದಿನ ತಿಂಗ್ಳು ಅಂತಾನೆ. ಕ್ರಷರ್ ಗೇಟಲ್ಲಿ ಗಾಡಿ ಮೇಲೆ ಟಾರ್ಪಾಲ್ ಐತಾ ಅಂತ ನೋಡ್ತಾರೆ. ಮುಚ್ಕೊಳ್ತದಾ ಅಂತ ಯಾರೂ ನೋಡಲ್ಲ."

"ಮುಂಚೆ ಹಗ್ಗದಲ್ಲಿ ಕಟ್ತಿದ್ದಲ್ಲ. ಹಂಗೇ ಕಟ್ಟು."

"ಎಲ್ಲಿಗೆ ಕಟ್ಲಿ? ಇದನ್ನ ಕೂರಿಸೋವಾಗ ಅಡ್ಡ ಬರ್ತವೆ ಅಂತ ಕೊಂಡಿಗಳನ್ನೆಲ್ಲ ಗ್ಯಾಸ್ ಕಟ್ಟರಲ್ಲಿ ಕುಯ್ದಾಕಿದ್ರು." ಅವನು ಲಾರಿಯ ಪಕ್ಕೆಯನ್ನು ತೋರಿಸಿದ. ಕೊಂಡಿಗಳಿದ್ದ ಕಡೆಯೆಲ್ಲ ಸುಟ್ಟ ಗಾಯದಂತೆ ಕಪ್ಪು ಗುರುತು. "ಹಗ್ಗಾನೂ ಇಲ್ಲ, ಮೋಟಾರೂ ಇಲ್ಲ. ನಿಮ್ಗೆ ಹೇಳೋಕೆ ಮುಖ ಇರ್ಲಿಲ್ಲ. ಅದ್ಕೇ ಮೂರು ದಿನ ನೀವು ತೋಟದಲ್ಲಿ ಇಲ್ದಿರೋ ಹೊತ್ತು ನೋಡ್ಕೊಂಡು ದಾಟ್ತಿದ್ದೆ."

ಅವಳು ಪಟ್ಟಿ ಬಿಡಲಿಲ್ಲ. ಹಿಂದೆ ಇನ್ನೊಂದು ಲಾರಿ ಬಂದು ನಿಂತಿತು. ಅದರ ಹಿಂದೆ ಮತ್ತೊಂದು. ಹಾರನ್‌ಗಳು ಶುರುವಾದವು. ಹಾಲು ಹಾಕಿ ಡೈರಿಯಿಂದ ಬರುತ್ತಿದ್ದ ಬೈರಪ್ಪ ಸದ್ದು ಕೇಳಿ ಕ್ಯಾನ್ ಹಿಡಿದೇ ಬಂದ. ಹೆಂಡತಿ ಲಾರಿಯ ಮೂತಿ ಹಿಡಿದು ನಿಂತಿರುವುದನ್ನೂ, ತಮ್ಮ ತಲೆ ತಗ್ಗಿಸಿರುವುದನ್ನೂ, ಆಚೆ ಟೀ ಅಂಗಡಿಯಿಂದ ಜನ ಇಣುಕುತ್ತಿರುವುದನ್ನೂ ಒಟ್ಟಿಗೇ ಕಂಡ.

"ಬಾರೇ ಮನೆಗೆ," ಎಂದ ಮೆಲ್ಲಗೆ. "ಹೋದ್ರೆ ಹೋಗ್ಲಿ ಬಿಡು. ನೀನು ಹಿಂಗೆ ರೋಡಲ್ಲಿ..."

"ನೀವು ಹೋಗಿ ಜೆಸಿಬಿಗೆ ಫೋನ್ ಮಾಡಿ," ಎಂದಳು ಆದಿಲಕ್ಷ್ಮಮ್ಮ. "ಮೊದ್ಲು ಹುಳುಮನೆಗೆ ಹೋಗಿ ಒಂದ್ಸಲ ನೋಡಿ. ಅವು ತಲೆ ಎತ್ಕೊಂಡು ಕೇಳ್ತಾ ಇದಾವೆ. ಕೊಡಲ್ಲ ಅಂತ ಅವಕ್ಕೆ ಹೇಳ್ಬಿಟ್ಟು ಬನ್ನಿ. ಆಮೇಲೆ ನಾನೂ ಬರ್ತೀನಿ."

ಬೈರಪ್ಪ ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿ ತೋಟದ ಕಡೆ ನೋಡಿದ. ಹಿಂದೆ ಹಾರನ್ ಹೊಡೆದುಕೊಳ್ಳುತ್ತಲೇ ಇತ್ತು.

"ಒಂದು ಹ್ಯಾಂಡಲ್ ಐತೆ," ಎಂದ ಕೆಂಪರಾಜು ಯಾರ ಮುಖವನ್ನೂ ನೋಡದೆ. "ಮೋಟಾರು ಕೆಟ್ರೆ ಕೈಯಲ್ಲಿ ಸುತ್ತೋಕೆ ಅಂತ ಕೊಟ್ಟವ್ರೆ. ಯಾರೂ ಸುತ್ತಲ್ಲ ಅತ್ತಿಗೆ. ಎಪ್ಪತ್ತು ಸುತ್ತು ಸುತ್ತಬೇಕು. ಕೈ ಬಿದ್ದೋಗ್ತವೆ. ಟ್ರಿಪ್ಪಿಗೊಂದ್ಸಲ ಸುತ್ತಿ, ಒಂದ್ಸಲ ಬಿಚ್ಚಿ ಅಂದ್ರೆ ದಿನಕ್ಕೆ..."

"ಕೊಡು ಅದನ್ನ."

ಸೀಟಿನ ಕೆಳಗೆ ಹಳೆಯ ಗೋಣಿಯಲ್ಲಿ ಸುತ್ತಿಟ್ಟಿದ್ದ ಕಬ್ಬಿಣದ ಹಿಡಿ ಹೊರಗೆ ಬಂತು. ಮೊಣಕೈನಂತೆ ಎರಡು ಕಡೆ ಬಾಗಿತ್ತು. ಕ್ಯಾಬಿನ್ನಿನ ಹಿಂದೆ ಪುಟ್ಟ ಏಣಿ. ಆದಿಲಕ್ಷ್ಮಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮೂರು ಮೆಟ್ಟಿಲು ಹತ್ತಿದಳು. ಸುಟ್ಟ ಮೋಟಾರಿನ ಪಕ್ಕದಲ್ಲಿ ತೂತು. ಹಿಡಿಯನ್ನು ಅದಕ್ಕೆ ಕೂರಿಸಿ ತಿರುಗಿಸಿದಳು. ಅಲುಗಲಿಲ್ಲ. ಎದೆಯ ಭಾರವೆಲ್ಲ ಹಾಕಿ ಎಳೆದಳು. ಕರ್ ಎಂದು ಒಂದು ಸುತ್ತು ಬಂತು. ಟಾರ್ಪಾಲು ಒಂದು ಅಂಗೈಯಷ್ಟು ಹಿಂದಕ್ಕೆ ಸರಿಯಿತು.

ಹತ್ತನೇ ಸುತ್ತಿಗೆ ಭುಜ ಉರಿಯತೊಡಗಿತು. ಇಪ್ಪತ್ತಕ್ಕೆ ಅವಳಿಗೆ ಗೊತ್ತಾಯಿತು, ಎಳೆದಾಡಬಾರದು, ಒಂದೇ ಹದಕ್ಕೆ ಬಿಡದೆ ತಿರುಗಿಸಬೇಕು ಎಂದು. ಗೊತ್ತಾಗಿದ್ದು ಅವಳಿಗಲ್ಲ, ಅವಳ ಕೈಗೆ. ತವರಿನಲ್ಲಿ ಅವ್ವ ಚರಕದಲ್ಲಿ ರೇಷ್ಮೆ ತೆಗೆಯುತ್ತಿದ್ದಳು. ಕುದಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಅವ್ವ ಎಳೆ ಹಿಡಿಯುವುದು, ಆಚೆ ಕುಳಿತು ಎಂಟು ವರ್ಷದ ಇವಳು ಚಕ್ರ ತಿರುಗಿಸುವುದು. ಜೋರಾದರೆ ಎಳೆ ಹರಿಯುತ್ತಿತ್ತು, ನಿಧಾನವಾದರೆ ಗಂಟು ಬೀಳುತ್ತಿತ್ತು. "ನಿದ್ದೆ ಮಾಡ್ತಿರೋ ಮಗು ತೊಟ್ಲು ತೂಗಿದಂಗೆ ತಿರುಗ್ಸು," ಎನ್ನುತ್ತಿದ್ದಳು ಅವ್ವ.

ನಡುವೆ ಟಾರ್ಪಾಲು ಸಿಕ್ಕಿಕೊಂಡಿತು. ಮರಳಿನ ರಾಶಿಯ ನೆತ್ತಿ ಅಡ್ಡ ಬಂದಿತ್ತು. ಅವಳು ತಿರುಗಿ ನೋಡುವಷ್ಟರಲ್ಲಿ ಕೆಂಪರಾಜು ಸಲಿಕೆ ಹಿಡಿದು ಲೋಡಿನ ಮೇಲೆ ಹತ್ತಿದ್ದ. ನೆತ್ತಿಯನ್ನು ನಾಲ್ಕೂ ಕಡೆಗೆ ಎಳೆದು ಸಮ ಮಾಡಿದ. "ಸುತ್ತಿ ಅತ್ತಿಗೆ. ನಲವತ್ತಾಯ್ತು."

ಎಪ್ಪತ್ತಕ್ಕೆ ಅಲ್ಲ, ಎಪ್ಪತ್ನಾಲ್ಕಕ್ಕೆ ಅದು ಹಿಂದಿನ ಅಂಚಿಗೆ ಮುಟ್ಟಿತು. ಅವಳು ಏಣಿ ಇಳಿದಳು. ಹಿಡಿಯನ್ನು ಕೆಂಪರಾಜುವಿಗೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ನಿಮ್ ತಾವೇ ಇರ್ಲಿ. ಬಿಚ್ಚೋಕೆ ನಾನು ಹೆಂಗೋ ನೋಡ್ಕೊಳ್ತೀನಿ. ಹಿಂದೆ ಇರೋದು ನಮ್ ಓನರ್‌ದೇ ಗಾಡಿ. ಅದರ ಮೋಟಾರೂ ಹೋಗೈತೆ. ಅಲ್ಲಿಗೂ ಇದೇ ಹ್ಯಾಂಡಲ್ ಕೂರ್ತದೆ."

ಹಿಂದಿನ ಗಾಡಿಯ ಡ್ರೈವರ್ ದಪ್ಪ ಮೀಸೆಯವನು. ಹಾರನ್ ಹೊಡೆದು ಹೊಡೆದು ಅವನಿಗೇ ಸಾಕಾಗಿತ್ತು. "ಏನ್ ಗುರು, ನಿಮ್ ಅತ್ತಿಗೆ ಆರ್‌ಟಿಓ ಆಫೀಸಲ್ಲಿ ಕೆಲಸಕ್ಕೆ ಸೇರ್ಕೊಂಡ್ರಾ?" ಎಂದು ಕೆಂಪರಾಜುವನ್ನು ಕೆಣಕಿದ. ಆದರೆ ಹೆಂಗಸು ಏಣಿ ಹತ್ತಿದಾಗ ಕೆಳಗೇ ಕೂರಲಾಗದೆ ಅವನೂ ಸಲಿಕೆ ತೆಗೆದುಕೊಂಡು ಮೇಲೆ ಹೋದ.

ಅಂಗೈಯ ಬೊಬ್ಬೆ ಆ ಗಾಡಿಗೇ ಒಡೆಯಿತು. ಮುಂದಿನದಕ್ಕೆ ಸೆರಗು ಸುತ್ತಿಕೊಂಡು ತಿರುಗಿಸಿದಳು. ಆಮೇಲೆ ಬಂದ ಎರಡು ಗಾಡಿಗಳಲ್ಲಿ ಮೋಟಾರು ಸರಿಯಾಗಿತ್ತು, ಅವಳು ಕೈಯಲ್ಲಿ ಹಿಡಿ ಹಿಡಿದು ನಿಂತಿದ್ದನ್ನು ನೋಡಿ ತಾವಾಗಿಯೇ ಒತ್ತಿದರು. ಒಬ್ಬ ನಿಲ್ಲಿಸದೆ ಹೋದ. ಇನ್ನೊಂದು ಸಾಲು ಹೋಯಿತು. ತಿರುಗಿಸುವಾಗ ಅವಳು ಮೇಲಿನಿಂದ ತೋಟದ ಕಡೆ ನೋಡುತ್ತಿದ್ದಳು. ಅಂಚಿನ ಕೆಟ್ಟುಹೋದ ಸಾಲಿನಲ್ಲಿ ಒಂದು ತಲೆ ಕಾಣುತ್ತಿತ್ತು. ಬೈರಪ್ಪ. ಹಾಲಿನ ಕ್ಯಾನನ್ನು ಬದುವಿನ ಮೇಲಿಟ್ಟು, ಹೆಗಲ ಟವಲನ್ನು ಕೈಗೆ ಸುತ್ತಿಕೊಂಡು, ಒಂದೊಂದೇ ಎಲೆಯನ್ನು ಮೇಲೂ ಕೆಳಗೂ ಒರೆಸುತ್ತಿದ್ದ. ಅಷ್ಟು ಹೊತ್ತಿಗೆ ನಾಲ್ಕು ಗಿಡ ಆಗಿತ್ತು. ಸಾಲಿನಲ್ಲಿ ಎಂಬತ್ತು ಗಿಡ.

ಎಂಟೂವರೆಗೆ ಎಲೆ ಆರಿತು. ಆದಿಲಕ್ಷ್ಮಮ್ಮ ಎಲೆ ಮಡಚಿ, ಕೆನ್ನೆಗೆ ಒತ್ತಿ, ಮೇಲ್ತುಟಿಗೆ ಸವರಿ ನೋಡಿದಳು. ಆರಿದೆ ಎಂದು ತನಗೆ ಹೇಳಿಕೊಳ್ಳಲಿಲ್ಲ. ಇನ್ನೊಂದು ಎಲೆ ಹಿಡಿದು ನೋಡಿದಳು, ಮತ್ತೊಂದು ಹಿಡಿದು ನೋಡಿದಳು. ಹತ್ತನೆಯದೂ ಆರಿತ್ತು. ಆಮೇಲೆ ಕುಡುಗೋಲು ಹಾಕಿದಳು. ಆ ಹೊತ್ತಿನ ಸೊಪ್ಪೆಲ್ಲ ಕುಯ್ಯುವ ತನಕ ಕಾಯುವಂತಿರಲಿಲ್ಲ. ಒಂದು ಹೊರೆ ಆಗುತ್ತಲೇ ತಲೆಯ ಮೇಲಿಟ್ಟುಕೊಂಡು ಓಡುನಡಿಗೆಯಲ್ಲಿ ಹುಳುಮನೆಗೆ ಬಂದಳು. ಹಿಡಿ ಸೊಂಟದಲ್ಲೇ ಇತ್ತು.

ಒಳಗೆ ಸದ್ದೇ ಇರಲಿಲ್ಲ. ಬೇರೆ ದಿನಗಳಲ್ಲಿ ಬಾಗಿಲು ತೆಗೆದರೆ ಸಾವಿರ ಬಾಯಿ ಒಟ್ಟಿಗೆ ಅಗಿಯುವ ಚರಚರ ಕೇಳುತ್ತಿತ್ತು. ಅನಿತ ಕಣ್ಣು ಕೆಂಪಾಗಿಸಿಕೊಂಡು ನಡುವೆ ನಿಂತಿದ್ದಳು. ಎರಡೂ ಕಡೆಯ ಸ್ಟ್ಯಾಂಡುಗಳ ಮೇಲೆ, ಬರಿ ಕಡ್ಡಿಗಳ ಮೇಲೆ, ಬಿಳಿ ಹುಳುಗಳು ಮೈಯ ಮುಂಭಾಗ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಎಲ್ಲವೂ.

"ಆರೈತಾ ಅಮ್ಮ?"

"ಆರೈತೆ."

ಬಲಗೈ ಮುಚ್ಚಲೂ ಆಗುತ್ತಿರಲಿಲ್ಲ, ಬಿಡಿಸಲೂ ಆಗುತ್ತಿರಲಿಲ್ಲ. ಎಡಗೈಯಲ್ಲೇ ಕಡ್ಡಿ ಎತ್ತೆತ್ತಿ ಹರಡತೊಡಗಿದಳು. ಬಾಗಿಲ ಬಳಿಯ ಸ್ಟ್ಯಾಂಡು ಮುಗಿಯುವಷ್ಟರಲ್ಲಿ ರಸ್ತೆಯ ಕಡೆಯಿಂದ ಹಾರನ್ ಕೇಳಿತು. ದಾಟಿಹೋಗುವ ಗಾಡಿಯ ಹಾರನ್ ಅಲ್ಲ. ಒಂದು ಸಲ ಚಿಕ್ಕದಾಗಿ ಹೊಡೆದು, ಸುಮ್ಮನಾಗಿ, ಮತ್ತೆ ಒಂದು ಸಲ. ನಿಂತು ಕರೆಯುವ ಗಾಡಿ. ತೋಟದಲ್ಲಿ ಇನ್ನೂ ಹೆಚ್ಚುಕಮ್ಮಿ ಅಷ್ಟೂ ಸೊಪ್ಪು ಗಿಡದ ಮೇಲೇ ಇತ್ತು. ಇಲ್ಲಿ ಇನ್ನೂ ಮೂರು ಸ್ಟ್ಯಾಂಡು ತಲೆ ಎತ್ತಿಕೊಂಡಿದ್ದವು. ಅವಳು ಕೈಯಲ್ಲಿದ್ದ ಕಡ್ಡಿಯನ್ನೂ ಬಾಗಿಲನ್ನೂ ನೋಡಿದಳು.

ಬಾಗಿಲಲ್ಲಿ ಬೈರಪ್ಪ ನಿಂತಿದ್ದ. ಟವಲು ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಹುಳುಮನೆಗೆ ಬರುವವರು ಕೈಕಾಲು ತೊಳೆಯಬೇಕೆಂದು ಅವನು ಹೊಸಿಲಾಚೆಯೇ ಉಳಿದು ಕೈ ಚಾಚಿದ. ಅವಳು ಹಿಡಿಯನ್ನು ಸೊಂಟದಿಂದ ಎಳೆದು ಕೊಟ್ಟಳು.

"ಎಳೀಬೇಡಿ," ಎಂದಳು. "ಒಂದೇ ಹದಕ್ಕೆ ತಿರುಗ್ಸಿ."

ಅವನು ಹೋದ. ಸ್ವಲ್ಪ ಹೊತ್ತಿಗೆ ರಸ್ತೆಯಿಂದ ಕರ್ ಕರ್ ಸದ್ದು, ಮೊದಮೊದಲು ತಡೆತಡೆದು, ಆಮೇಲೆ ಬಿಡದೆ ಕೇಳತೊಡಗಿತು. ತಾಯಿ ಮಗಳು ಆ ಕಡೆ ಈ ಕಡೆ ನಿಂತು ಕಡ್ಡಿ ಹರಡುತ್ತ ಬಂದರು. ಸೊಪ್ಪು ಬಿದ್ದಲ್ಲೆಲ್ಲ ತಲೆಗಳು ಒಂದೊಂದಾಗಿ ಕೆಳಗಿಳಿದವು. ಚರಚರ ಬಾಗಿಲ ಕಡೆಯಿಂದ ಎದ್ದು ಒಳಗೆ ಒಳಗೆ ಹಬ್ಬಿತು.

ಕೊನೆಯ ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಹುಳು ಮಾತ್ರ ತಲೆ ಇಳಿಸಲಿಲ್ಲ. ಆದಿಲಕ್ಷ್ಮಮ್ಮ ಒಂದು ಎಳೆ ಎಲೆ ಕಿತ್ತು ಅದರ ಬಾಯಿಯ ಹತ್ತಿರ ಹಿಡಿದಳು. ಹೊರಗೆ ಹಿಡಿ ತಿರುಗುತ್ತಿತ್ತು. ಅವಳು ಎಲೆಯನ್ನು ಅಲ್ಲಾಡಿಸದೆ ಹಾಗೇ ಬಗ್ಗಿ ನಿಂತಳು.